2011ರ ಯೂನಿಕಾರ್ನ್ ಇಟ್ಕೊಳ್ಳೋದಾ, ಮಾರೋದಾ, ಎಕ್ಸ್‌ಚೇಂಜ್ ಕೊಟ್ಟು 350 ತಗೊಳ್ಳೋದಾ?

ಮೇಗರವಳ್ಳಿ ಸವಾರ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಹೋಂಡಾ ಯೂನಿಕಾರ್ನ್ 150 ಇದೆ, 2011ರದ್ದು, ಕೆಎ 14 ಪಾಸಿಂಗ್, ಶೋರೂಮಿಂದ ತಂದಿದ್ದೂ ನಾನೇ ಇವತ್ತಿನವರೆಗೆ ಓಡಿಸ್ತಿರೋದೂ ನಾನೇ. ಮೀಟರ್ ಒಂದು ಲಕ್ಷ ದಾಟಿ ಸುಮಾರು ಕಾಲ ಆಯ್ತು. ಈ ಆಗಸ್ಟಿಗೆ ಆರ್‌ಸಿ 15 ವರ್ಷ ಮುಗೀತದೆ. ಅದಕ್ಕೇ ಈಗ ತಲೆಬಿಸಿ ಶುರುವಾಗಿರೋದು.

ನಮ್ಮನೆ ಮೇಗರವಳ್ಳಿ ಹತ್ರ, ಕೆಲಸ ತೀರ್ಥಹಳ್ಳಿ ಪೇಟೇಲಿ, ದಿನಾ ಹೋಗಿ ಬಂದು ಮಾಡಿದ್ರೆ 40 ಕಿಲೋಮೀಟರ್ ಆಗ್ತದೆ. ಮೇನ್ ರೋಡಿಂದ ಮನೆಗೆ ಬರೋ ದಾರಿ ಮಾತ್ರ ಮಣ್ಣು, ಒಂದು ಕಡೆ ಏರು, ಒಂದು ಕಡೆ ತೋಟದ ಕಾಲುವೆ, ಮಳೆಗಾಲದಲ್ಲಿ ಆ ದಾರಿ ಹೇಗಿರ್ತದೆ ಅಂತ ಈ ಕಡೆಯವರಿಗೆ ಹೇಳೋದು ಬೇಡ. ಗಾಡಿ ಮೇಲೆ ಗೊಬ್ಬರದ ಚೀಲ, ದನದ ಹಿಂಡಿ, ಗ್ಯಾಸ್ ಸಿಲಿಂಡರ್ ಎಲ್ಲಾ ಬರ್ತದೆ. ತಿಂಗಳಿಗೊಂದು ಸಲ ಮಾವನ ಮನೆಗೆ ಅಂತ ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆ ಹೋಗೋದೂ ಇದೆ, ಹೆಂಡತಿ ಮತ್ತೆ ಮಗಳು ಜೊತೆಗಿರ್ತಾರೆ.

ಗಾಡಿ ಈಗ ಹೇಗಿದೆ ಅಂದ್ರೆ, ಬೆಳಿಗ್ಗೆ ಸೆಲ್ಫ್ ಒಂದೊಂದು ದಿನ ಎತ್ತೋದಿಲ್ಲ, ಕಿಕ್ಕರ್ ಹೊಡೀಬೇಕು. ಇಂಜಿನ್ ಹೆಡ್ ಕಡೆಯಿಂದ ಕಟಕಟ ಅಂತ ಸೌಂಡ್ ಇದೆ, ಬಿಸಿ ಆದಮೇಲೆ ಕಡಿಮೆ ಆಗ್ತದೆ. ಮುಂದಿನ ಫೋರ್ಕಲ್ಲಿ ಆಯಿಲ್ ಸೋರ್ತಿದೆ. ಹಿಂದಿನ ಮೋನೋಶಾಕ್ ಇಬ್ಬರು ಕೂತ್ರೆ ಪೂರ್ತಿ ಕೂರ್ತದೆ. ಮೈಲೇಜ್ ಈಗಲೂ 50ರ ಹತ್ರ ಬರ್ತದೆ, ಅದರಲ್ಲಿ ಸುಳ್ಳು ಹೇಳೋಕ್ಕಾಗಲ್ಲ.

ಶೋರೂಮಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನೋಡಿ ಬಂದೆ, ಎಕ್ಸ್‌ಚೇಂಜಿಗೆ 12 ಸಾವಿರ ಕೊಡ್ತೇವೆ ಅಂದ್ರು. ನಮ್ಮೂರಲ್ಲೇ ಒಬ್ರು 20 ಸಾವಿರಕ್ಕೆ ಕೇಳ್ತಿದ್ದಾರೆ ಆದ್ರೆ ದುಡ್ಡು ಎರಡು ಕಂತಲ್ಲಂತೆ. ಪಕ್ಕದ ಮನೆಯವರು 15 ವರ್ಷ ಆದ್ರೆ ಸರ್ಕಾರ ಗುಜರಿಗೆ ಹಾಕಿಸ್ತದೆ, ಈಗಲೇ ಮಾರಿಬಿಡು ಅಂತಾರೆ. ಅಪ್ಪ ಮಾರೋದೇ ಬೇಡ ಅಂತಾರೆ. ನನಗೂ ಒಳಗೆ ಬೇಜಾರಿದೆ, ಇದು ಮನೆಗೆ ಬಂದ ಮೊದಲ ಗಾಡಿ, ಅಮ್ಮನ್ನ ರಾತ್ರಿ ಆಸ್ಪತ್ರೆಗೆ ಕರ್ಕೊಂಡು ಓಡಿದ್ದೂ ಇದರಲ್ಲೇ. ಆದ್ರೆ ಬುಲೆಟ್ಟಿನ ಆಸೆ ಕಾಲೇಜಿನ ಕಾಲದಿಂದ ಇರೋದು, ಅದನ್ನೂ ಮುಚ್ಚಿಡೋದಿಲ್ಲ. ಈ ಸಲ ಅಡಿಕೆಗೆ ರೇಟ್ ಚೆನ್ನಾಗಿ ಸಿಕ್ಕಿದೆ, ಸೊಸೈಟಿ ಸಾಲ ತೀರಿಸಿ ಸ್ವಲ್ಪ ಉಳಿದಿದೆ. ಎಂತ ಮಾಡಿದ್ರೆ ಒಳ್ಳೇದು ಹೇಳಿ ಮಾರಾಯ್ರೆ.

ಶಿವಮೊಗ್ಗ ಗ್ಯಾರೇಜ್:

ಸರ್, 25 ವರ್ಷದಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೀನಿ, ಯೂನಿಕಾರ್ನ್ ಬಿಚ್ಚಿದಷ್ಟು ಬೇರೆ ಗಾಡಿ ಬಿಚ್ಚಿಲ್ಲ ಅಂತಲೇ ಹೇಳಬೌದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ಮೊದಲು ಆ ಗುಜರಿ ಮಾತು ತಲೆಯಿಂದ ತೆಗೀರಿ. 15 ವರ್ಷದ ಪೆಟ್ರೋಲ್ ಗಾಡಿ ರೋಡಿಗೆ ಇಳಿಸಬಾರದು ಅನ್ನೋ ಗಲಾಟೆ ದಿಲ್ಲಿ ಕಡೇದು. ನಮ್ಮ ಕರ್ನಾಟಕದಲ್ಲಿ ಸ್ವಂತ ಗಾಡಿಗೆ 15 ವರ್ಷ ಆದಮೇಲೆ ಆರ್‌ಟಿಒಗೆ ತಗೊಂಡು ಹೋಗಿ ಇನ್ಸ್‌ಪೆಕ್ಟರಿಗೆ ತೋರಿಸಿ ಪಾಸ್ ಮಾಡಿಸಿದ್ರೆ ಇನ್ನೂ 5 ವರ್ಷಕ್ಕೆ ರಿನೀವಲ್ ಆಗುತ್ತೆ, ಆಮೇಲೆ ಮತ್ತೆ 5. ಫಾರ್ಮ್ 25 ಹಾಕಬೇಕು, ಮುಗಿಯೋಕ್ಕೆ 60 ದಿನ ಇರುವಾಗಲೇ ಹಾಕಬೌದು. ಬೈಕಿಗೆ ಫೀಸು 2022ರ ಏಪ್ರಿಲ್‌ನಿಂದ 1000 ರೂಪಾಯಿ, ಮೊದಲು 300 ಇತ್ತು. ಅದರ ಮೇಲೆ ಗ್ರೀನ್ ಟ್ಯಾಕ್ಸ್ ಸ್ವಲ್ಪ ಇದೆ. ತಡ ಮಾಡಿದ್ರೆ ತಿಂಗಳಿಗೆ 300 ರೂಪಾಯಿ ದಂಡ ಬೆಳೀತಾ ಹೋಗುತ್ತೆ, ಅದಕ್ಕೆ ಆಗಸ್ಟ್ ಬರೋವರೆಗೂ ಕಾಯಬೇಡಿ. ಇನ್ಶೂರೆನ್ಸ್, ಎಮಿಷನ್, ಎಚ್‌ಎಸ್‌ಆರ್‌ಪಿ ಅಂದ್ರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಮೂರೂ ಇರಬೇಕು. ನಿಮ್ದು 2019ಕ್ಕಿಂತ ಹಳೇದು, ಪ್ಲೇಟ್ ಹಾಕಿಸಿಲ್ಲ ಅಂದ್ರೆ ಮೊದಲು ಅದನ್ನ ಬುಕ್ ಮಾಡಿ.

ಈಗ ಗಾಡಿ ವಿಷಯ. ಎಲ್ರೂ ಇಂಜಿನ್ ಸೌಂಡ್ ಕೇಳಿ ಗಾಡಿ ಮುಗೀತು ಅಂತಾರೆ. ಇಂಜಿನ್ ರಿಪೇರಿ ಆಗುತ್ತೆ ಸರ್, ಬಿಡಿಭಾಗ ಎಲ್ಲಾ ಸಿಗುತ್ತೆ. ರಿಪೇರಿ ಆಗದೇ ಇರೋದು ಚಾಸಿ. ನಿಮ್ಮ ಕಡೆ ಮಳೆ ಹೆಂಗೆ ಅಂತ ಗೊತ್ತು, ಆಗುಂಬೆ ಮಗ್ಗುಲಲ್ಲೇ ಇದೀರ, ಅಲ್ಲಿಂದ ಬರೋ ಗಾಡಿಗಳಲ್ಲಿ ಇಂಜಿನ್ ಗಟ್ಟಿ ಇದ್ರೂ ಕಬ್ಬಿಣ ತಿಂದುಹೋಗಿರುತ್ತೆ. ಸೀಟು ಮತ್ತೆ ಸೈಡ್ ಪ್ಯಾನಲ್ ಬಿಚ್ಚಿ ಬ್ಯಾಟರಿ ಬಾಕ್ಸ್ ಕೆಳಗೆ ನೋಡಿ, ಸೈಡ್ ಸ್ಟ್ಯಾಂಡ್ ವೆಲ್ಡ್ ಇರೋ ಜಾಗ ನೋಡಿ, ಸ್ವಿಂಗ್ ಆರ್ಮ್ ಬೋಲ್ಟ್ ಹೋಗೋ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಟಣ್ ಅಂದ್ರೆ ಸರಿ, ಪುಡಿ ಉದುರಿದ್ರೆ ಅಥವಾ ಬಿರುಕು ಕಂಡ್ರೆ ಆ ಗಾಡೀಲಿ ಹೆಂಡತಿ ಮಗಳನ್ನ ಕೂರಿಸಿ ಘಾಟಿ ಇಳಿಯೋದು ಬೇಡ. ಹ್ಯಾಂಡಲ್ ಕೆಳಗೆ ಚಾಸಿ ನಂಬರ್ ಕೊರೆದಿರ್ತಾರಲ್ಲ, ಅದು ತುಕ್ಕಲ್ಲಿ ಅಳಿಸಿ ಹೋಗಿದ್ರೆ ರಿನೀವಲ್ ಟೈಮಲ್ಲಿ ಇನ್ಸ್‌ಪೆಕ್ಟರ್ ವಾಪಸ್ ಕಳಿಸ್ತಾರೆ, ಈಗಲೇ ಸೀಮೆಎಣ್ಣೆ ಬಟ್ಟೇಲಿ ಒರೆಸಿ ಓದೋಕ್ಕಾಗುತ್ತಾ ನೋಡಿ, ಆಮೇಲೆ ಸ್ವಲ್ಪ ಗ್ರೀಸ್ ಸವರಿಬಿಡಿ.

ಚಾಸಿ ಸರಿ ಇದ್ರೆ ಇಂಜಿನ್ನಿಗೆ ಬರೋಣ. ಕಟಕಟ ಅಂತಿರೋದು ನೀವು ಹೇಳೋದು ನೋಡಿದ್ರೆ ಟೈಮಿಂಗ್ ಚೈನ್ ಇಲ್ಲಾಂದ್ರೆ ಅದರ ಟೆನ್ಷನರ್, ಟ್ಯಾಪೆಟ್ ಕೂಡ ಇರಬೌದು. ಅದೊಂದು ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಇದೆಯಾ ಇಲ್ವಾ ಅಂತ ತಿಳ್ಕೊಳ್ಳೋಕ್ಕೆ, ಆಯಿಲ್ ಬದಲಿಸಿದ ದಿನ ಲೆವೆಲ್ ನೋಡಿಟ್ಟು 1000 ಕಿಲೋಮೀಟರ್ ಆದಮೇಲೆ ಮತ್ತೆ ನೋಡಿ, ತುಂಬಾ ಇಳಿದಿದ್ರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಲ್ಲಿ ನೀಲಿ ಹೊಗೆ ಬಂದ್ರೆ, ಪ್ಲಗ್ ಬಿಚ್ಚಿದಾಗ ಎಣ್ಣೆ ಮಸಿ ಇದ್ರೆ, ಆಗ ರಿಂಗ್ ಪಿಸ್ಟನ್ ಅಥವಾ ವಾಲ್ವ್ ಸೀಲ್ ಕೆಲಸ. ಹಾಫ್ ಇಂಜಿನ್ ಮಾಡ್ಸಿದ್ರೆ ನಮ್ಮ ಕಡೆ 8ರಿಂದ 12 ಸಾವಿರ, ಬೋರ್ ಕಿಟ್ (ಸಿಲಿಂಡರ್ ಪಿಸ್ಟನ್ ಸೆಟ್) ಯಾವುದು ಹಾಕ್ತೀರ ಅನ್ನೋದರ ಮೇಲೆ. ಫೋರ್ಕ್ ಆಯಿಲ್ ಸೀಲ್, ಕೋನ್ ಸೆಟ್, ಚೈನ್ ಸ್ಪ್ರಾಕೆಟ್, ಹಿಂದಿನ ಶಾಕ್ ಎಲ್ಲಾ ಸೇರಿದ್ರೂ ಇನ್ನೊಂದು 8-9 ಸಾವಿರ. ಒಟ್ಟು 20 ಸಾವಿರ ಹಾಕಿದ್ರೆ ಆ ಗಾಡಿ ಇನ್ನೂ ಐದು ವರ್ಷ ನಿಮ್ಮ ದಾರೀಲಿ ಓಡುತ್ತೆ. ಆದ್ರೆ 20 ಸಾವಿರ ಹಾಕಿ ಆಮೇಲೆ ಮಾರ್ತೀನಿ ಅಂದ್ರೆ ಆ ದುಡ್ಡು ವಾಪಸ್ ಬರಲ್ಲ. ಇಟ್ಕೊಳ್ಳೋದಾದ್ರೆ ಮಾತ್ರ ರಿಪೇರಿ, ಮಾರೋದಾದ್ರೆ ತೊಳೆದು ಆರ್‌ಸಿ ರಿನೀವಲ್ ಮಾಡ್ಸಿ ಹಂಗೇ ಕೊಡಿ.

ಇನ್ನೊಂದು ಮಾತು. ನೀವು ಎರಡು ಪ್ರಶ್ನೆ ಒಟ್ಟಿಗೆ ಸೇರಿಸಿಬಿಟ್ಟಿದೀರ. ಹಳೇ ಗಾಡಿ ಏನು ಮಾಡೋದು ಅನ್ನೋದು ಒಂದು, ಹೊಸ ಗಾಡಿ ಬೇಕಾ ಅನ್ನೋದು ಇನ್ನೊಂದು. ಶೋರೂಮಲ್ಲಿ ಎರಡನ್ನೂ ಒಂದೇ ಬಿಲ್ಲಲ್ಲಿ ಹಾಕಿದಾಗಲೇ ಲೆಕ್ಕ ತಪ್ಪೋದು, ಯಾಕಂದ್ರೆ ಎಕ್ಸ್‌ಚೇಂಜಲ್ಲಿ ಎರಡು ಸಾವಿರ ಜಾಸ್ತಿ ಕೊಟ್ಟ ಹಾಗೆ ಮಾಡಿ ಆಕ್ಸೆಸರೀಸಲ್ಲೋ ಹ್ಯಾಂಡ್ಲಿಂಗ್ ಚಾರ್ಜಲ್ಲೋ ವಾಪಸ್ ತಗೋಬೌದು. ಎಕ್ಸ್‌ಚೇಂಜ್ ಇಲ್ಲದೇ ಹೊಸದರ ಆನ್‌ರೋಡ್ ರೇಟ್ ಎಷ್ಟು ಅಂತ ಒಂದು ಚೀಟಿ ಬರೆಸ್ಕೊಳ್ಳಿ, ಆಮೇಲೆ ಹಳೇದರ ಮಾತಾಡಿ.

ತುಮಕೂರ್ ರೋಡ್ ಥಂಪ್:

ಬ್ರೋ ನಾನು ಕ್ಲಾಸಿಕ್ 350 ಇಟ್ಕೊಂಡಿರೋನು, ಹೊಸ ಇಂಜಿನ್ ಬಂತಲ್ಲ 2021ರಲ್ಲಿ, ಅದು. ಮೊದಲೇ ಹೇಳ್ತೀನಿ ನಾನು ತಗೊಳ್ಳಿ ಅನ್ನೋ ಪಕ್ಷ. ಗ್ಯಾರೇಜ್ ಅಣ್ಣ ಹೇಳಿದ್ದೆಲ್ಲಾ ಸರಿ ಆದ್ರೆ ಒಂದು ವಿಷಯ ಯಾರೂ ಹೇಳಿಲ್ಲ, ಬ್ರೇಕ್.

2011ರ ಯೂನಿಕಾರ್ನಲ್ಲಿ ಎಬಿಎಸ್ ಇಲ್ಲ. ನಮ್ಮ ದೇಶದಲ್ಲಿ 125 ಸಿಸಿ ಮೇಲಿನ ಎಲ್ಲಾ ಹೊಸ ಬೈಕಿಗೆ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ನೀವು ಓಡಿಸೋ ರೋಡ್ ಯಾವುದು, ಆಗುಂಬೆ ಘಾಟಿ, 14 ಹೇರ್‌ಪಿನ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೋಡ್ ಒಣಗೋದೇ ಇಲ್ಲ, ಪಾಚಿ, ಎಲೆ, ಮೇಲಿಂದ ಮಂಜು, ಎದುರಿಂದ ಬಸ್ಸು. ಅಂಥ ಕಡೆ ಗಾಬರೀಲಿ ಮುಂದಿನ ಡಿಸ್ಕ್ ಜೋರಾಗಿ ಹಿಡಿದ್ರೆ ಚಕ್ರ ಲಾಕ್ ಆಗಿ ಹ್ಯಾಂಡಲ್ ಕೈ ತಪ್ಪುತ್ತೆ, ಎಬಿಎಸ್ ಇದ್ರೆ ಚಕ್ರ ತಿರುಗ್ತಾನೇ ಇರುತ್ತೆ, ಗಾಡಿ ನೆಟ್ಟಗೆ ನಿಲ್ಲುತ್ತೆ. ಘಾಟೀಲಿ ನನಗೆ ಇದು ಕೆಲಸಕ್ಕೆ ಬಂದಿದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು. ಹಿಂದೆ ಮಗಳು ಕೂತಿರ್ತಾಳೆ ಅಂತ ನೀವೇ ಬರೆದಿದೀರ, ಅದಕ್ಕಿಂತ ದೊಡ್ಡ ಕಾರಣ ಬೇಕಾ. (ಮೂರು ಜನ ಹೋಗೋದೂ ಬೇಡ ಬ್ರೋ, ಮಗಳು ದೊಡ್ಡವಳಾಗ್ತಿದ್ರೆ ಘಾಟಿಗೆ ಬಸ್ಸೇ ಸರಿ. ನಾಲ್ಕು ವರ್ಷದೊಳಗಿನ ಮಗು ಆದ್ರೆ ಬೆಲ್ಟ್, ಹೆಲ್ಮೆಟ್ ಎರಡೂ ಬೇಕು ಅಂತ ರೂಲ್ಸೇ ಇದೆ.)

ಎಬಿಎಸ್ ಅಂದ ತಕ್ಷಣ ಎಲ್ಲಾ ಒಂದೇ ಅಲ್ಲ, ನೋಡ್ಕೊಂಡು ತಗೊಳ್ಳಿ. ಎನ್‌ಫೀಲ್ಡ್‌ದೇ ಹಂಟರ್ 350ರ ಬೇಸ್ ವೇರಿಯಂಟಲ್ಲಿ ಹಿಂದೆ ಡ್ರಮ್, ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಈಗಿನ ಹೊಸ ಯೂನಿಕಾರ್ನಲ್ಲೂ ಸಿಂಗಲ್ ಚಾನಲ್ಲೇ. ಡ್ಯುಯಲ್ ಚಾನಲ್, ಅಂದ್ರೆ ಎರಡೂ ಚಕ್ರಕ್ಕೆ ಎಬಿಎಸ್ ಬೇಕು ಅಂತ ಕೇಳಿ ತಗೊಳ್ಳಿ.

ರೇಟ್ ವಿಷಯಕ್ಕೆ ಬಂದ್ರೆ ಇದು ಒಳ್ಳೇ ಟೈಮು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. 350 ದಾಟಿದ್ದಕ್ಕೆ 40 ಆಯ್ತು, ಅದಕ್ಕೆ ಹಿಮಾಲಯನ್ 450 ಕಡೆ ಕಣ್ಣು ಹಾಕಬೇಡಿ ಈಗ. ಆದ್ರೂ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಜಾಸ್ತಿ ಇರೋದ್ರಿಂದ ಕ್ಲಾಸಿಕ್ ಆನ್‌ರೋಡ್ ಎರಡು ಲಕ್ಷ ದಾಟುತ್ತೆ, ಎಕ್ಸ್ ಶೋರೂಮ್ ನೋಡಿ ಲೆಕ್ಕ ಹಾಕಬೇಡಿ.

ಆಸೆ ಇದೆ ಅಂದಿದೀರ, ಕೈಯಲ್ಲಿ ದುಡ್ಡಿದೆ, ಸಾಲ ತೀರಿದೆ. ಇನ್ಯಾವಾಗ ಬ್ರೋ ತಗೊಳ್ಳೋದು.

ಧಾರವಾಡ ಪೇಡೆ:

ಬ್ರೇಕಿನ ಮಾತು ಖರೇ ಐತ್ರಿ, ಆದ್ರ ತೂಕದ ಮಾತು ಯಾರೂ ಆಡವಲ್ರಿ. ಕ್ಲಾಸಿಕ್ 195 ಕೆಜಿ, ಹಂಟರ್ 181, ನಿಮ್ಮ ಯೂನಿಕಾರ್ನ್ 146ರ ಸುತ್ತಮುತ್ತ. ಅಂದ್ರ ಐವತ್ತು ಕೆಜಿ ಅಕ್ಕಿ ಚೀಲ ಯಾವಾಗ್ಲೂ ಹಿಂದ ಕಟ್ಟಿಕೊಂಡಂಗ, ಅದರ ಮ್ಯಾಲ ನಿಮ್ಮ ಗೊಬ್ಬರದ ಚೀಲ ಬ್ಯಾರೆ. ಡಾಂಬರ್ ರೋಡಿನ್ಯಾಗ ಆ ತೂಕ ಗೊತ್ತಾಗೂದಿಲ್ರಿ, ಹಿತಾನ ಅನಸ್ತೈತಿ, ಆದ್ರ ಕೆಸರಿನ ಏರಿನ್ಯಾಗ ಅರ್ಧಕ್ಕ ನಿಂತ್ರ ಹಿಂದಕ್ಕ ಜಾರೂ ಗಾಡಿ ಒಂದು ಕಾಲಿನ ಮ್ಯಾಲ ತಡೀಬೇಕು. ನಿಮ್ಮ ದಾರೀಗೆ ಒಂದು ಕಡೆ ಕಾಲುವಿ ಐತಿ ಅಂತ ನೀವ ಬರದೀರಿ. ಶೋರೂಮಿನವ್ರಿಗೆ ಟೆಸ್ಟ್ ರೈಡ್ ನಿಮ್ಮ ಮನೀ ತನಕ ಕೊಡ್ರಿ ಅಂತ ಕೇಳ್ರಿ, ಕೊಡಲಿಲ್ಲಂದ್ರ ಊರಾಗ ಯಾರ ಹತ್ರರ ಆ ಗಾಡಿ ಇದ್ರ ಒಂದು ದಿನ ಇಸ್ಕೊಂಡು ನಿಮ್ಮ ಮಣ್ಣಿನ ದಾರ್ಯಾಗ ಹತ್ತಿಸಿ ಇಳಿಸಿ ನೋಡ್ರಿ, ಅದೂ ಹಿಂದ ಚೀಲ ಹಾಕ್ಕೊಂಡು.

ಖರ್ಚಿನ ಲೆಕ್ಕಾನೂ ಹೇಳ್ತೀನಿ. ದಿನಾ 40 ಅಂದ್ರ ತಿಂಗಳಿಗೆ ಸಾವಿರ ಕಿಲೋಮೀಟರ್ ಹಿಡೀರಿ. ನಿಮ್ದು 50 ಕೊಟ್ರ 20 ಲೀಟರ್, 350 ಗಾಡಿ 35 ಕೊಟ್ರ 28 ಲೀಟರಿನ ಮ್ಯಾಲ. ಪೆಟ್ರೋಲ್ ನೂರರ ಮ್ಯಾಲ ಐತಿ, ತಿಂಗಳಿಗೆ ಎಂಟುನೂರು ಒಂಬೈನೂರು ಹೆಚ್ಚಿಗಿ ಹೋಗ್ತಾವು. ಥರ್ಡ್ ಪಾರ್ಟಿ ಇನ್ಶೂರೆನ್ಸ್ 150 ಸಿಸಿ ತನಕ ವರ್ಷಕ್ಕ 714, ಅದು ದಾಟಿ 350 ತನಕ 1366, ಮ್ಯಾಲ ಟ್ಯಾಕ್ಸ್. ಹೊಸಾ ಗಾಡಿಗೆ 5 ವರ್ಷದ್ದು ಒಮ್ಮೆಲೇ ಕಟ್ಟಬೇಕು. ಇವೆಲ್ಲಾ ದೊಡ್ಡ ರೊಕ್ಕ ಅಲ್ಲ, ಆದ್ರ ಗೊತ್ತಿರಲಿ.

ನನ್ನ ಸಲಹಾ ಏನಂದ್ರ, ಹೊಸಾದು ಬ್ಯಾಡ್ರಿ, ನಾಕೈದು ವರ್ಷದ ಸೆಕೆಂಡ್ ಹ್ಯಾಂಡ್ ನೋಡ್ರಿ. ಜಿಎಸ್‌ಟಿ ಇಳದ ಮ್ಯಾಲ ಹೊಸಾ ಗಾಡಿ ರೇಟ್ ಕಡಿಮಿ ಆತು, ಅದರ ಹಿಂದ ಹಳೇ ಗಾಡಿ ರೇಟೂ ಇಳೀಲೇಬೇಕು, ಇನ್ನೂ ಹಳೇ ರೇಟ್ ಹೇಳಾವ್ರಿಗೆ ಇದನ್ನ ತೋರಿಸಿ ಕೇಳ್ರಿ. ಯೂನಿಕಾರ್ನ್ ಮಾತ್ರ ಮನ್ಯಾಗ ಇರಲಿ, ಹೊಲಕ್ಕ ತ್ವಾಟಕ್ಕ ಅದು. ಗಾಡಿ ಎರಡಾದ್ರೂ ಒಟ್ಟು ಖರ್ಚು ಒಂದು ಹೊಸಾ ಕ್ಲಾಸಿಕ್ಕಿಗಿಂತ ಕಡಿಮೀನ ಆಗ್ತೈತಿ.

ಮೇಗರವಳ್ಳಿ ಸವಾರ:

ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಗ್ಯಾರೇಜ್ ಅಣ್ಣ, ನೀವು ಹೇಳಿದ ಹಾಗೇ ಇವತ್ತು ಸೈಡ್ ಪ್ಯಾನಲ್ ಬಿಚ್ಚಿ ನೋಡಿದೆ. ಸ್ವಿಂಗ್ ಆರ್ಮ್ ಕಡೆ ಗಟ್ಟಿ ಇದೆ. ಬ್ಯಾಟರಿ ಬಾಕ್ಸಿನ ತಗಡು ಒಂದು ಮೂಲೇಲಿ ತೂತಾಗಿದೆ ಆದ್ರೆ ಅದು ಬಾಕ್ಸ್ ಅಷ್ಟೇ, ಪೈಪ್ ಅಲ್ಲ. ಚಾಸಿ ನಂಬರ್ ಓದೋಕ್ಕಾಗ್ತದೆ. ನೀಲಿ ಹೊಗೆ ಇಲ್ಲ. ಧಾರವಾಡದ ಸರ್, ಆ ಏರಲ್ಲಿ ನಿಲ್ಲಿಸಬೇಕಾಗಿ ಬರೋದು ದಿನಾ ಇರೋದೇ, ಎದುರಿಂದ ಪಿಕಪ್ ಬಂದ್ರೆ ಬೇರೆ ದಾರೀನೇ ಇಲ್ಲ, ಅದು ನನ್ನ ತಲೆಗೆ ಹೋಗಿರ್ಲಿಲ್ಲ. ಅಕಸ್ಮಾತ್ ಮಾರಿದ್ರೆ ಆ ಎರಡು ಕಂತಿನವರಿಗೆ ಕೊಡಬೌದಾ? ಪರಿಚಯದವರೇ, ಸೈನ್ ಮಾಡಿ ಕೊಟ್ಟುಬಿಡು, ಟ್ರಾನ್ಸ್‌ಫರ್ ನಾನೇ ಮಾಡಿಸ್ಕೊಳ್ತೇನೆ ಅಂತಾರೆ.

ಸಾಗರದ ಅಕ್ಕ:

ದಯವಿಟ್ಟು ಹಾಗೆ ಕೊಡಬೇಡಿ. ನಾನು ವಕೀಲರ ಆಫೀಸಲ್ಲಿ ಕೆಲಸ ಮಾಡೋದು, ಆಕ್ಸಿಡೆಂಟ್ ಕ್ಲೇಮ್ ಕೇಸುಗಳೇ ಜಾಸ್ತಿ ಬರೋದು ನಮ್ಮಲ್ಲಿ. ಗಾಡಿ ಮಾರಿ ಎಷ್ಟೋ ವರ್ಷ ಆಗಿದೆ, ಈಗ ಯಾರ ಕೈಲಿದೆ ಅಂತಲೂ ಗೊತ್ತಿಲ್ಲ, ಆದ್ರೂ ಕೋರ್ಟ್ ನೋಟಿಸ್ ಹಿಡ್ಕೊಂಡು ಬಂದು ಅಳುವವರನ್ನ ನಾನು ಕಣ್ಣಾರೆ ನೋಡಿದೇನೆ. ಕಾನೂನು ಸ್ಪಷ್ಟ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಲ್ಲಿ ಇದನ್ನೇ ಹೇಳಿದ್ದು, ಆರ್‌ಟಿಒ ದಾಖಲೇಲಿ ಯಾರ ಹೆಸರಿದೆಯೋ ಅವರೇ ಓನರ್, ಗಾಡಿ ಕೈಯಿಂದ ಕೈಗೆ ಎಷ್ಟು ಸಲ ಮಾರಾಟ ಆಗಿದ್ರೂ ಪರಿಹಾರದ ಹೊಣೆ ಅವರ ಮೇಲೇ ಬರ್ತದೆ. ಆ ಗಾಡಿಗೆ ಇನ್ಶೂರೆನ್ಸ್ ಲ್ಯಾಪ್ಸ್ ಆಗಿದ್ರಂತೂ ಮುಗೀತು, ಲಕ್ಷಗಟ್ಟಲೆ ದುಡ್ಡು ತೋಟ ಮಾರಿ ಕಟ್ಟೋ ಪರಿಸ್ಥಿತಿ.

ಟ್ರಾನ್ಸ್‌ಫರಿಗೆ ಬೇಕಾದ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಖಾಲಿ ಬಿಟ್ಟು ಸೈನ್ ಹಾಕೋ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಖರೀದಿ ಮಾಡುವವರ ಹೆಸರು, ವಿಳಾಸ, ತಾರೀಕು ಎಲ್ಲಾ ತುಂಬಿದ ಮೇಲೇ ಸೈನ್ ಮಾಡಿ. ಒಂದೇ ರಾಜ್ಯದೊಳಗಾದ್ರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ನಲ್ಲೇ ಇದೆ, ಅದನ್ನ ತಗೊಂಡವರಿಗೆ ಬಿಡಬೇಡಿ. ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲಲ್ಲಿ ಅರ್ಜಿ ಹಾಕ್ಬಹುದು, ಮೊಬೈಲಿಗೆ ಓಟಿಪಿ ಬರ್ತದೆ, ಆರ್‌ಸಿಗೆ ಇರೋ ನಂಬರ್ ಹಳೇದಾಗಿದ್ರೆ ಮೊದಲು ಅದನ್ನ ಸರಿ ಮಾಡ್ಸಿ. ಮತ್ತೆ ಆರ್‌ಸಿ ಅವಧಿ ಮುಗಿದ ಮೇಲೆ ಟ್ರಾನ್ಸ್‌ಫರ್ ಅಂತ ಹೋದ್ರೆ ರಿನೀವಲ್ ಮಾಡ್ಕೊಂಡು ಬನ್ನಿ ಅಂತಾರೆ, ಅದಕ್ಕೆ ಗ್ಯಾರೇಜಿನವರು ಹೇಳಿದ್ದೇ ಸರಿ, ಮಾರೋದಾದ್ರೂ ಮೊದಲು ರಿನೀವಲ್.

ಎರಡು ಕಂತು ಅಂದ್ರೆ, ಎರಡನೇ ಕಂತು ಕೈಗೆ ಬಂದ ದಿನವೇ ಗಾಡಿ ಮತ್ತು ಪೇಪರ್ ಕೊಡಿ. ಪರಿಚಯದವರು ಅಂತ ನೀವು ಸಂಕೋಚ ಪಡ್ತೀರಿ, ಅವರು ಒಳ್ಳೆಯವರೇ ಇರಬಹುದು, ಆದ್ರೆ ಅವರು ನಾಳೆ ಇನ್ಯಾರಿಗೋ ಕೊಟ್ರೆ ಆ ಇನ್ಯಾರೋ ನಿಮಗೆ ಪರಿಚಯ ಇರೋದಿಲ್ಲ. ಡೆಲಿವರಿ ಕೊಟ್ಟ ದಿನ, ಗಂಟೆ ಸಮೇತ ಒಂದು ಕಾಗದ ಬರೆದು ಇಬ್ಬರೂ ಸೈನ್ ಮಾಡಿ, ಅವರ ಲೈಸೆನ್ಸ್ ಜೆರಾಕ್ಸ್ ಇಟ್ಕೊಳ್ಳಿ. ಆನ್‌ಲೈನಲ್ಲಿ ಜಾಹೀರಾತು ಹಾಕಿದ್ರೆ ಇನ್ನೊಂದು ಎಚ್ಚರ, ದುಡ್ಡು ಕಳಿಸ್ತೇವೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಫೋನ್ ಕಟ್ ಮಾಡಿ. ದುಡ್ಡು ಬರೋಕ್ಕೆ ಪಿನ್ ಹಾಕೋ ಅಗತ್ಯವೇ ಇಲ್ಲ.

ನೋ ಕ್ಲೇಮ್ ಬೋನಸ್, ಅಂದ್ರೆ ಇನ್ಶೂರೆನ್ಸ್ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯ್ತಿ, ಇದ್ರೆ ಅದು ಗಾಡಿದಲ್ಲ, ನಿಮ್ಮದು. ಮಾರಿದ ಮೇಲೆ ಕಂಪನಿಯಿಂದ ಒಂದು ಲೆಟರ್ ತಗೊಂಡ್ರೆ ಹೊಸ ಗಾಡಿಯ ಪಾಲಿಸಿಗೆ ಹಾಕಿಸ್ಕೊಳ್ಬಹುದು. ಬರೀ ಥರ್ಡ್ ಪಾರ್ಟಿ ಕಟ್ತಾ ಇದ್ರೆ ಇದು ಬರೋದಿಲ್ಲ.

ಯಾದವಗಿರಿ ರೋಡ್‌ಕಿಂಗ್:

ನಿಮ್ ತಂದೆಯವರು ಮಾರೋದ್ ಬೇಡ ಅಂದ್ರು ಅಂತ ಓದ್ದೆ, ಅದಕ್ಕೆ ಬರೀತಿದೀನಿ ಕಣಪ್ಪ. ನಾನು ಮೈಸೂರವನು, ಯಾದವಗಿರೀಲಿ ಐಡಿಯಲ್ ಜಾವಾ ಫ್ಯಾಕ್ಟ್ರಿ ಇತ್ತಲ್ಲ, 1961ರಿಂದ 1996ರವರೆಗೆ, ಅಲ್ಲಿಂದ ಹೊರಗೆ ಬಂದ ಯೆಜ್ಡಿ ರೋಡ್‌ಕಿಂಗ್ ಒಂದು ನಮ್ಮನೇಲಿ ಈಗ್ಲೂ ಓಡ್ತಿದೆ. 250 ಸಿಸಿ, ಟೂ ಸ್ಟ್ರೋಕು, ಎರಡು ಸೈಲೆನ್ಸರ್, ಕಿಕ್ಕರೇ ಗೇರ್ ಲಿವರ್ರೂ ಆಗುತ್ತೆ. ಹಳೇ ಗಾಡಿ ಇಟ್ಕೊಳ್ಳೋದು ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು ನಂಗೆ.

ಇಟ್ಕೊಳ್ಳಿ ಅಂತಲೇ ಹೇಳ್ತೀನಿ, ಆದ್ರೆ ಓಡಿಸೋ ಹಾಗಿದ್ರೆ ಮಾತ್ರ. ಹೊಸದು ಬಂದ ಮೇಲೆ ಹಳೇದನ್ನ ಕೊಟ್ಟಿಗೆ ಮೂಲೇಲಿ ನಿಲ್ಲಿಸಿ, ಅದ್ರ ಮೇಲೆ ಗೋಣಿಚೀಲ ಹೊದಿಸಿ, ನೆನಪಿಗೆ ಇರಲಿ ಅಂತೀವಲ್ಲ, ಅದರಷ್ಟು ಗಾಡಿಗೆ ಅನ್ಯಾಯ ಇನ್ನೊಂದಿಲ್ಲ. ನಿಂತ ಗಾಡೀಲಿ ಬ್ಯಾಟರಿ ಸಾಯುತ್ತೆ, ಟೈರ್ ಬಿರುಕು ಬಿಡುತ್ತೆ, ಬ್ರೇಕ್ ಹಿಡ್ಕೊಳ್ಳುತ್ತೆ, ಟ್ಯಾಂಕಲ್ಲಿ ತುಕ್ಕು. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಅದು ಗಾಳೀಲಿರೋ ತೇವ ಎಳ್ಕೊಳ್ಳುತ್ತೆ, ಗಾಡಿ ತಿಂಗಳಾನುಗಟ್ಲೆ ನಿಂತ್ರೆ ನೀರು ಕೆಳಗೆ ಕೂತು ಕಾರ್ಬುರೇಟರ್ ಬೌಲ್, ಜೆಟ್ ಎಲ್ಲಾ ಹಾಳು. ನಿಮ್ಮ 2011ರ ಗಾಡಿ ಆ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ, ಪೆಟ್ರೋಲ್ ಪೈಪು, ಕಾರ್ಬುರೇಟರ್ ವಾಷರ್ರು, ಓರಿಂಗು ಇವೆಲ್ಲ ರಬ್ಬರ್ರು, ಗಟ್ಟಿಯಾಗಿ ಸೀಳು ಬಿಟ್ಟಿದೆಯಾ ನೋಡಿ ಬದಲಾಯಿಸ್ಬಿಡಿ, ನೂರಿನ್ನೂರು ರೂಪಾಯಿ ಕೆಲಸ. ಬೆಳಿಗ್ಗೆ ಸೆಲ್ಫ್ ಎತ್ತಲ್ಲ ಅಂದ್ರಲ್ಲ, ಬ್ಯಾಟರಿ ಬದಲಿಸೋಕ್ಕೆ ಮುಂಚೆ ಕಾರ್ಬುರೇಟರ್ ಒಂದ್ಸಲ ಬಿಚ್ಚಿ ತೊಳೆಸಿ ನೋಡಿ.

ಹಂಗೇ ಮುಂದಿನದೂ ತಿಳ್ಕೊಂಡಿರಿ. 20 ವರ್ಷ ದಾಟಿದ ಬೈಕಿಗೆ ರಿನೀವಲ್ ಫೀಸು 2025ರ ಆಗಸ್ಟಿಂದ 2000 ಮಾಡಿದಾರೆ. ನಮ್ ರೋಡ್‌ಕಿಂಗ್‌ಗೆ ನಾನು ಅದನ್ನೇ ಕಟ್ಟೋದು. ಕಟ್ಟೋಕ್ಕೆ ಬೇಜಾರಿಲ್ಲ, ಯಾಕಂದ್ರೆ ವಾರಕ್ಕೊಂದ್ಸಲ ಆದ್ರೂ ತೆಗೆದು ರಿಂಗ್ ರೋಡಲ್ಲಿ ಓಡಿಸ್ತೀನಿ. ನಿಮ್ ಯೂನಿಕಾರ್ನ್‌ಗೆ ಕೆಲಸ ಇದೆ ಸ್ವಾಮಿ, ದಿನಾ ತೋಟಕ್ಕೆ ಹೋಗುತ್ತೆ, ಚೀಲ ಹೊರುತ್ತೆ. ಕೆಲಸ ಇರೋ ಗಾಡೀನ 12 ಸಾವಿರಕ್ಕೆ ಕೊಡೋದು ನನ್ನ ಮನಸ್ಸಿಗೆ ಒಪ್ಪಲ್ಲ.

ಮೇಗರವಳ್ಳಿ ಸವಾರ:

ಮನೇಲಿ ಕೂತು ಎಲ್ಲಾ ಓದಿ ಹೇಳಿದೆ, ಅಪ್ಪನಿಗೆ ಮೈಸೂರಿನವರ ಮಾತು ಬಹಳ ಹಿಡಿಸ್ತು. ಸಾಗರದ ಅಕ್ಕ, ಆ ಕಂತಿನವರಿಗೆ ಇಲ್ಲ ಅಂದೆ. ಅವರೇ ಸೈನ್ ಮಾಡಿ ಕೊಡು ಸಾಕು ಅಂತ ಮತ್ತೆ ಮತ್ತೆ ಹೇಳ್ತಿದ್ದದ್ದು ನೋಡಿ ನನಗೇ ಸರಿ ಕಾಣ್ಲಿಲ್ಲ.

ಈಗ ತೀರ್ಮಾನ ಹೀಗೆ. ಯೂನಿಕಾರ್ನ್ ಇಟ್ಕೊಳ್ಳೋದು, ಜೂನ್ ಒಳಗೆ ರಿಪೇರಿ, ಆಮೇಲೆ ರಿನೀವಲ್. ಬ್ರೇಕಿನ ಮಾತು ಮಾತ್ರ ತಲೆಯಿಂದ ಹೋಗ್ತಿಲ್ಲ, ತುಮಕೂರ್ ರೋಡ್ ಬ್ರೋ ಹೇಳಿದ್ದು ನಿಜ, ಇನ್ನು ಮಳೆಗಾಲದಲ್ಲಿ ಘಾಟಿಗೆ ಬೈಕಲ್ಲಿ ಹೋಗೋದೇ ಬೇಡ ಅಂತ ಹೆಂಡತಿ ಹೇಳಿದ್ದಾಳೆ, ನಾನೂ ಒಪ್ಪಿದೆ, ಮೂವರೂ ಬಸ್ಸಿಗೆ ಹೋಗೋದು. ಬುಲೆಟ್ ಆಸೆ ಬಿಟ್ಟಿಲ್ಲ. ನಮ್ಮ ಊರಲ್ಲಿ ಒಬ್ರ ಹತ್ರ ಹಂಟರ್ ಇದೆ, ಮೊದಲ ಮಳೆ ಬಿದ್ದು ಕೆಸರಾದ ಮೇಲೆ ಒಂದು ದಿನ ಕೊಡ್ತೇನೆ ಅಂದಿದ್ದಾರೆ, ಚೀಲ ಕಟ್ಟಿ ಹತ್ತಿಸಿ ನೋಡ್ತೇನೆ. ಹತ್ತಿದ್ರೆ ದಸರಾ ಹೊತ್ತಿಗೆ ಡ್ಯುಯಲ್ ಚಾನಲ್ ಇರೋದನ್ನೇ ಹುಡುಕ್ತೇನೆ, ಸೆಕೆಂಡ್ ಹ್ಯಾಂಡೂ ನೋಡ್ತೇನೆ. ಹತ್ತದಿದ್ರೆ ಆ ದುಡ್ಡಲ್ಲಿ ಮೊದಲು ಮನೆ ದಾರಿಗೆ ಜಲ್ಲಿ ಹಾಕಿಸ್ತೇನೆ, ಗಾಡಿ ಆಮೇಲೆ.

ಗ್ಯಾರೇಜ್ ಅಣ್ಣ, ರಿಪೇರಿಗೆ ಶಿವಮೊಗ್ಗಕ್ಕೇ ತಂದ್ರೆ ಎಷ್ಟು ದಿನ ಬಿಡಬೇಕಾಗ್ತದೆ?

ಶಿವಮೊಗ್ಗ ಗ್ಯಾರೇಜ್:

ಹೆಡ್ ಬಿಚ್ಚಿ ನೋಡದೇ ಹೇಳೋಕ್ಕಾಗಲ್ಲ ಸರ್. ಬರೀ ಟೈಮಿಂಗ್ ಚೈನ್, ಫೋರ್ಕ್ ಸೀಲ್, ಶಾಕ್ ಅಂದ್ರೆ ಬೆಳಿಗ್ಗೆ ಬಿಟ್ರೆ ಸಂಜೆ ಒಯ್ಯಬೌದು. ಬೋರ್ ಲೇತಿಗೆ ಕಳಿಸಬೇಕಾದ್ರೆ ಮೂರು ದಿನ. ನೀಲಿ ಹೊಗೆ ಇಲ್ಲ ಅಂದಿದೀರ, ಹಾಗಾಗಿ ಬೋರ್ ಮುಟ್ಟೋದು ಬೇಡ ಅಂತಲೇ ನನ್ನ ಅಂದಾಜು, ಯಾರಾದ್ರೂ ಬಿಚ್ಚಿದ ಮೇಲೆ ಎಲ್ಲಾ ಮಾಡಿಸಿಬಿಡಿ ಅಂದ್ರೆ ಹಳೇ ಪಿಸ್ಟನ್ ತೋರಿಸಿ ಅಂತ ಕೇಳಿ. ಬ್ಯಾಟರಿ ಬಾಕ್ಸಿನ ತೂತು ತೀರ್ಥಹಳ್ಳೀಲೇ ವೆಲ್ಡಿಂಗ್ ಅಂಗಡೀಲಿ ಮುಚ್ಚಿಸಬೌದು, ವೆಲ್ಡ್ ಮಾಡೋವಾಗ ಬ್ಯಾಟರಿ, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡೋ ಯೂನಿಟ್) ಎರಡೂ ಬಿಚ್ಚಿಡೋಕ್ಕೆ ಹೇಳಿ, ಟ್ಯಾಂಕನ್ನೂ ಇಳಿಸಿ. ಎಚ್‌ಎಸ್‌ಆರ್‌ಪಿ ಇನ್ನೂ ಬುಕ್ ಮಾಡಿಲ್ಲ ಅಂದ್ರೆ ಇವತ್ತೇ ಮಾಡಿ, ಪ್ಲೇಟ್ ಬರೋಕ್ಕೆ ಟೈಮ್ ಹಿಡಿಯುತ್ತೆ.